ವೇಷದೊಳಗೆ ಟ್ರಾನ್ಸ್‌ಮಿಟರ್: ಮೈಗೆ ಮೈಕ್ ಕಟ್ಟುವವರಿಗೆ

ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲಿನ ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನದಂಥ ಕಡೆ ಆಟವೋ ನಾಟಕವೋ ಇದ್ದರೆ, ತೂಗುಮೈಕಿನ ಜೊತೆಗೆ ಒಬ್ಬಿಬ್ಬರ ಮೈಗೂ ಮೈಕ್ ಕಟ್ಟುವುದುಂಟು. ಗಾಳಿಯಲ್ಲೇ ನೀರು ತುಂಬಿರುವ ತಿಂಗಳುಗಳಲ್ಲಿ, ಬೆವರು ಧಾರೆಯಾಗಿ ಇಳಿಯುವ ಕುಣಿತದ ನಡುವೆ, ಬ್ಯಾಟರಿ ಇರುವ ಒಂದು ರೇಡಿಯೊ ಪೆಟ್ಟಿಗೆಯನ್ನು, ಅಂದರೆ ಮೈಕಿನ ಬಾಡಿಪ್ಯಾಕನ್ನು, ಕಲಾವಿದನ ಚರ್ಮಕ್ಕೆ ಬಿಗಿದು ಅದರ ಮೇಲೆ ಹತ್ತಾರು ಗಂಟು ಹಾಕುತ್ತೇವೆ. ಕಟ್ಟುವವರ ಗಮನವೆಲ್ಲ ಧ್ವನಿಯ ಮೇಲೆ ಇರುತ್ತದೆ. ಇಲ್ಲಿ ಬರೆದಿರುವುದು ಮೈಯ ಸಲುವಾಗಿ. ಮೈಗೆ ಹಿತವಾಗಿ ಕೂತ ಪ್ಯಾಕ್ ಧ್ವನಿಯನ್ನೂ ಚೆನ್ನಾಗಿಯೇ ಕೊಡುತ್ತದೆ.

ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇವೆ, ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಬಿಚ್ಚುವ ದಾರಿ ಗೊತ್ತಿಲ್ಲದೆ ಕಟ್ಟಬಾರದು. ಪೂರ್ತಿ ವೇಷ ಹಾಕಿದ ಮೇಲೂ ಪ್ಯಾಕ್ ಹತ್ತು ಸೆಕೆಂಡಿನಲ್ಲಿ ಮೈಯಿಂದ ಬೇರೆಯಾಗಬೇಕು. ಕಿರೀಟ, ಭುಜಕೀರ್ತಿ, ಎದೆಕಟ್ಟು, ದಗಲೆ ಎಲ್ಲ ಬಿಚ್ಚಿದ ಮೇಲಷ್ಟೇ ಕೈಗೆ ಸಿಗುವಂತೆ ಕಟ್ಟಿದ್ದರೆ, ಎಷ್ಟೇ ಚೆಂದ ಅಡಗಿದ್ದರೂ ಅದು ತಪ್ಪು ಕಟ್ಟು.

ಯಾವುದಕ್ಕೆ ಹೆದರಬೇಕು

ಕಲಾವಿದರು ಮೊದಲು ಕೇಳುವುದು ರೇಡಿಯೊ ಅಲೆಗಳ ಬಗ್ಗೆ. ವೇದಿಕೆಯ ಬಾಡಿಪ್ಯಾಕುಗಳು ಸಾಮಾನ್ಯವಾಗಿ 10ರಿಂದ 50 ಮಿಲಿವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತವೆ. ಜೇಬಿನ 4ಜಿ ಫೋನ್ ದುರ್ಬಲ ಸಿಗ್ನಲ್ ಇರುವ ಕಡೆ ಸುಮಾರು 200 ಮಿಲಿವ್ಯಾಟಿನವರೆಗೆ ಏರುತ್ತದೆ. ಫೋನಿನ ಅಲೆಯಿಂದ ಮೈ ಹೀರಿಕೊಳ್ಳುವ ಶಕ್ತಿಗೆ ಭಾರತ ಇಟ್ಟಿರುವ ಮಿತಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್, ಆ ಮಿತಿಯೊಳಗಿನ ಫೋನನ್ನು ನಾವು ದಿನವಿಡೀ ಹೊತ್ತು ತಿರುಗುತ್ತೇವೆ. ಪ್ಯಾಕಿನಲ್ಲಿ ಶಕ್ತಿ ಆಯ್ಕೆ ಇದ್ದರೆ ಕೆಲಸಕ್ಕೆ ಸಾಕಾಗುವ ಕನಿಷ್ಠವನ್ನೇ ಇಡಿ. ಮುಂಬಯಿಯ ಸಂಘದ ವೇದಿಕೆಗಳ ಅಳತೆಗೆ 10 ಮಿಲಿವ್ಯಾಟ್ ಸಾಕು.

ವಾಕಿಟಾಕಿಯ ಮಾತು ಬೇರೆ. 5 ವ್ಯಾಟಿನ ಒಂದು ಸೆಟ್ 50 ಮಿಲಿವ್ಯಾಟಿನ ಪ್ಯಾಕಿಗಿಂತ ನೂರು ಪಟ್ಟು ಶಕ್ತಿಶಾಲಿ. ರಂಗನಿರ್ವಹಣೆಯವರು ಅದನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಆ್ಯಂಟೆನಾವನ್ನು ಪಕ್ಕೆಗೆ ಒತ್ತಿ ಇಟ್ಟುಕೊಳ್ಳಬಾರದು. ಹೊರಗಿನ ಬೆಲ್ಟಿಗೆ ಹಾಕಲಿ, ಮಾತಾಡುವಾಗ ಕೈಯಲ್ಲಿ ಹಿಡಿಯಲಿ.

ನಿಜವಾಗಿ ಮೈಗೆ ನೋವು ಮಾಡುವ ಸಂಗತಿಗಳು ತೀರ ಸಾಮಾನ್ಯವಾದವು. ಬೆನ್ನುಮೂಳೆಯ ಮೇಲೆ ಗಟ್ಟಿ ಪೆಟ್ಟಿಗೆ ಇದ್ದು ಅದರ ಮೇಲೆಯೇ ಬೀಳುವುದು. ಕುತ್ತಿಗೆಗೆ ಸುತ್ತಿದ ತಂತಿ. ಸೋರಿದ ಸೆಲ್. ಉಬ್ಬಿದ ಲಿಥಿಯಂ ಬ್ಯಾಟರಿ. ಚರ್ಮ ಕಿತ್ತುಕೊಂಡು ಬರುವ ಟೇಪು. ಇವಕ್ಕೆ ಬಿಸಿಯನ್ನೂ ಸೇರಿಸಿ. ಎರಡು ಸೆಲ್ಲಿನ ಪ್ಯಾಕ್ ಸುಮಾರು ಅರ್ಧ ವ್ಯಾಟ್ ತಿನ್ನುತ್ತದೆ, ಅದರಲ್ಲಿ ಅಲೆಯಾಗಿ ಹೊರಡುವುದು ಹೆಚ್ಚೆಂದರೆ ಹತ್ತರಲ್ಲಿ ಒಂದು ಪಾಲು, ಉಳಿದದ್ದು ಬಿಸಿಯಾಗುತ್ತದೆ. ಗಾಳಿಯಾಡದ ಬಟ್ಟೆಯೊಳಗೆ ಈ ಬಿಸಿ ಕೂಡಿಕೊಳ್ಳುತ್ತದೆ. 44 ಡಿಗ್ರಿ ಶಾಖ ಮುಟ್ಟಿದರೆ ಬರಿ ಬೆಚ್ಚಗೆ ಅನಿಸುತ್ತದೆ, ಆದರೆ ಗಂಟೆಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಚರ್ಮ ಸುಡುತ್ತದೆ. ಕುಣಿಯುವ ಕಲಾವಿದನಿಗೆ ಮೈಯೆಲ್ಲ ಬಿಸಿಯೇ, ಇದು ಬೇರೆ ಬಿಸಿ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಪ್ಯಾಕ್ ಮತ್ತು ಚರ್ಮದ ನಡುವೆ ಯಾವಾಗಲೂ ಒಂದು ಪದರ ಇರಬೇಕು.

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಅಳವಡಿಸಿಕೊಂಡ ಹಿರಿಯ ಕಲಾವಿದರು ಇರುತ್ತಾರೆ. ಕಟ್ಟುವ ಮೊದಲು ಕೇಳಿ, ಸಂಕೋಚ ಬೇಡ. ಟ್ರಾನ್ಸ್‌ಮಿಟರ್ ಆ ಜಾಗದಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು. ಈಚಿನ ಪುಟ್ಟ ಕ್ಲಿಪ್‌ಮೈಕುಗಳಲ್ಲಿ ಬಟ್ಟೆಯ ಹಿಂದಿನಿಂದ ಹಿಡಿಯುವ ಅಯಸ್ಕಾಂತ ಇರುತ್ತದೆ, ಅದರ ಅಪಾಯ ಅಲೆಯದಕ್ಕಿಂತ ಹೆಚ್ಚು: ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರಿನ ನಡೆಯೇ ಬದಲಾಗುತ್ತದೆ. ಅಂಥವರಿಗೆ ಅಯಸ್ಕಾಂತದ ಕ್ಲಿಪ್ ಹಾಕಲೇಬೇಡಿ. ವೈದ್ಯರನ್ನು ಕೇಳದೆ ಪ್ಯಾಕನ್ನೂ ಕಟ್ಟಬೇಡಿ, ಅವರಿಗೆ ತೂಗುಮೈಕೇ ಇರಲಿ.

ಪ್ಯಾಕ್ ಎಲ್ಲಿ ಕೂರಬೇಕು

ಸಾಮಾಜಿಕ ನಾಟಕದಲ್ಲಿ ಪಂಚೆ, ಪ್ಯಾಂಟು, ಅಂಗಿ ತೊಟ್ಟವರಿಗೆ ಸೊಂಟದ ಹಿಂಭಾಗ ಸರಿ. ಆದರೆ ನಟ್ಟನಡುವೆ ಬೇಡ. ಬೆನ್ನುಮೂಳೆಯಿಂದ ನಾಲ್ಕು ಬೆರಳು ಪಕ್ಕಕ್ಕೆ, ಸೊಂಟದ ಎಲುಬಿನ ಮೇಲುಗಡೆಯ ಮೆತ್ತಗಿನ ಜಾಗ ನೋಡಿ. ಯಾವ ಪಕ್ಕ ಎಂದು ನಿರ್ದೇಶಕರನ್ನು ಕೇಳಿ: ನಟ ಎಡಕ್ಕೆ ಬೀಳುವ ದೃಶ್ಯವಿದ್ದರೆ ಬಲಕ್ಕೆ ಕಟ್ಟಿ. ಕುರ್ಚಿಗೆ ಒರಗಿ ಕೂರುವ ದೃಶ್ಯ ಉದ್ದವಾಗಿದ್ದರೆ ಇನ್ನೂ ಪಕ್ಕಕ್ಕೆ, ಕಂಕುಳಿನ ನೇರಕ್ಕೆ ಸರಿಸಿ.

ಸೀರೆ ಉಟ್ಟವರಿಗೆ ಲಂಗದ ಲಾಡಿಗೆ ಪ್ಯಾಕ್ ಸಿಕ್ಕಿಸುವ ಅಭ್ಯಾಸ ಬಿಡಬೇಕು. ಲಾಡಿ ತೆಳ್ಳಗೆ, ಪ್ಯಾಕಿನ ತೂಕಕ್ಕೆ ಹೊಟ್ಟೆಯ ಚರ್ಮವನ್ನು ಕೊಯ್ಯುತ್ತದೆ, ಪ್ಯಾಕ್ ತಿರುಗಿ ಮೈಕಿನ ತಂತಿ ಎಳೆಯುತ್ತದೆ. ಲಂಗದ ಒಳಗೆ ಬೇರೆಯೇ ಪಟ್ಟಿ ಕಟ್ಟಿ. ಜರಿಯ ಅಂಚು ಪ್ಯಾಕಿನ ಮೇಲೆ ಬರದಂತೆ ಉಡಿಸಿ. ಜರಿಯಲ್ಲಿ ಲೋಹ ಇದೆ, ಅಲೆಗೆ ಅದು ಪರದೆಯೇ ಆಗುತ್ತದೆ.

ಯಕ್ಷಗಾನದ ಪುರುಷವೇಷ ಕಷ್ಟದ್ದು. ಸೊಂಟದಲ್ಲಿ ಬಟ್ಟೆಯ ಸುತ್ತು, ಅದರ ಮೇಲೆ ಡಾಬು, ಎಲ್ಲ ಬಿಗಿ. ಅಲ್ಲಿ ಪ್ಯಾಕ್ ಇಟ್ಟರೆ ಒತ್ತಡಕ್ಕೆ ಸ್ವಿಚ್ಚು ತಾನೇ ಆರುತ್ತದೆ, ಬೆವರೆಲ್ಲ ಇಳಿದು ಅಲ್ಲೇ ನಿಲ್ಲುತ್ತದೆ, ಆಪತ್ತು ಬಂದರೆ ಕೈ ಹೋಗುವುದಿಲ್ಲ. ಮಂಡಿಯಲ್ಲಿ ತಿರುಗುವಾಗಲೂ ಹಾರಿ ಗಿರಕಿ ಹೊಡೆಯುವ ಧೀಂಗಿಣದಲ್ಲೂ ಸೊಂಟವೇ ಅಚ್ಚು, ಅದಕ್ಕೆ ಇನ್ನೊಂದು ಭಾರ ಕೊಡಬಾರದು. ಇಂಥ ವೇಷಕ್ಕೆ ಮೇಲ್ಬೆನ್ನು ಒಳ್ಳೆಯದು: ಎರಡು ಹೆಗಲೆಲುಬುಗಳ ನಡುವಿನ ತಗ್ಗಿನಲ್ಲಿ, ಬೆನ್ನುಮೂಳೆ ಬಿಟ್ಟು ಎರಡು ಬೆರಳು ಎಡಕ್ಕೋ ಬಲಕ್ಕೋ. ಅಲ್ಲಿಂದ ತಲೆಯ ಮೈಕಿಗೆ ತಂತಿಯೂ ಗಿಡ್ಡ. ಬಗ್ಗಿದರೂ ತಿರುಗಿದರೂ ಆ ಜಾಗ ಹೆಚ್ಚು ಸುಕ್ಕುವುದಿಲ್ಲ. ಎದೆಕಟ್ಟಿನ ಮತ್ತು ಭುಜಕೀರ್ತಿಯ ಹುರಿಗಳು ಬೆನ್ನಿನಲ್ಲಿ ಎಲ್ಲಿ ಹಾಯುತ್ತವೆ ಎಂದು ವೇಷ ಕಟ್ಟುವವರ ಜೊತೆ ನಿಂತು ನೋಡಿ, ಗಂಟು ಪ್ಯಾಕಿನ ಮೇಲೆ ಬರದಂತೆ ಜಾಗವನ್ನು ಒಂದಂಗುಲ ಆಚೀಚೆ ಮಾಡಿ. ವೇಷ ಕಟ್ಟುವವರ ಮಾತೇ ಇಲ್ಲಿ ಕೊನೆಯದು. ಅವರಿಗೆ ಗೊತ್ತಿಲ್ಲದೆ ಒಳಗೆ ಏನನ್ನೂ ಇಡಬೇಡಿ.

ಕಿರೀಟದೊಳಗೆ ಪ್ಯಾಕ್ ಇಡುವ ಆಲೋಚನೆ ಎಲ್ಲರಿಗೂ ಒಮ್ಮೆ ಬರುತ್ತದೆ. ಬೇಡ. ಕುತ್ತಿಗೆ ಆಗಲೇ ಸಾಕಷ್ಟು ಹೊತ್ತಿದೆ, ಬೇಗಡೆ ಮತ್ತು ಕನ್ನಡಿಯ ಚೂರುಗಳು ಅಲೆಯನ್ನು ಕೆಡಿಸುತ್ತವೆ.

ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಮೈಗೆ ಮೈಕ್ ಕಟ್ಟುವುದನ್ನೇ ನಾವು ಒಪ್ಪುವುದಿಲ್ಲ. ಮುಖಕ್ಕೆ ಇಡುವ ಚುಟ್ಟಿಯ ಹಿಟ್ಟು, ಭಾರೀ ಕಿರೀಟ, ಆರ್ಭಟ, ಇವುಗಳ ನಡುವೆ ಮೈಕಿಗೆ ಒಳ್ಳೆಯ ಜಾಗವೇ ಇಲ್ಲ. ಆ ಗಂಟಲಿಗೆ ತೂಗುಮೈಕು ಧಾರಾಳ ಸಾಕು.

ಮಕ್ಕಳ ತಂಡಗಳಿಗೆ 100 ಗ್ರಾಂ ಒಳಗಿನ ಪ್ಯಾಕ್ ಮಾತ್ರ ಕೊಡಿ, ಬನಿಯನ್ನಿನ ಜೇಬಿನಲ್ಲಷ್ಟೇ ಇಡಿ, ಚರ್ಮಕ್ಕೆ ಟೇಪು ಹಚ್ಚಬೇಡಿ. ಮಗುವಿನ ತಂದೆಯೋ ತಾಯಿಯೋ ಪಕ್ಕದಲ್ಲಿರಲಿ. ದೊಡ್ಡವರಿಗೂ ಅಷ್ಟೆ: ಮಹಿಳಾ ಕಲಾವಿದರಿಗೆ ಕಟ್ಟಲು ಮಹಿಳೆಯೇ ಇರಲಿ, ಇಲ್ಲದಿದ್ದರೆ ಹೇಗೆಂದು ತೋರಿಸಿಕೊಟ್ಟು ಅವರೇ ಕಟ್ಟಿಕೊಳ್ಳಲಿ. ಕೈ ಇಡುವ ಮೊದಲು ಕೇಳುವುದು ಈ ಕೆಲಸದ ಮೊದಲ ಮರ್ಯಾದೆ.

ಚೀಲ, ಪಟ್ಟಿ, ಎಳೆದಾರ

ಮೇಲ್ಬೆನ್ನಿಗೆ ಮೈಗೆ ಅಂಟುವ ಹತ್ತಿಯ ಬನಿಯನ್ ತೆಗೆದುಕೊಳ್ಳಿ. ಅದರ ಬೆನ್ನಿಗೆ ಹೊರಗಡೆಯಿಂದ ಒಂದು ಜೇಬು ಹೊಲಿಸಿ, ಬಾಯಿ ಮೇಲಕ್ಕಿರಲಿ. ಜೇಬಿನ ಅಗಲ ಪ್ಯಾಕಿಗಿಂತ ಒಂದು ಸೆಂಟಿಮೀಟರ್ ಹೆಚ್ಚು, ಬಾಯಿಗೆ ಎರಡು ಸೆಂಟಿಮೀಟರ್ ಅಗಲದ ವೆಲ್ಕ್ರೋ ಮುಚ್ಚಳ. ಜೇಬಿನ ಒಳಗೆ ಮೈ ಕಡೆಗೆ 3 ಮಿಲಿಮೀಟರಿನ ನಿಯೋಪ್ರೀನ್ ಅಥವಾ ಫೋಮ್ ತುಂಡು ಇಡಿ. ಬಿಸಿಗೂ ಒತ್ತಡಕ್ಕೂ ಅದೇ ಮೆತ್ತೆ. ಜೇಬಿನ ತಳದ ಎರಡೂ ಮೂಲೆಯಲ್ಲಿ ಬೆರಳು ತೂರುವಷ್ಟು ತೂತು ಬಿಡಿಸಿ, ಕಾರಣ ಮುಂದೆ ಬರುತ್ತದೆ.

ಈಗ ಎಳೆದಾರ. 2 ಸೆಂಟಿಮೀಟರ್ ಅಗಲದ ಹತ್ತಿ ಪಟ್ಟಿಯನ್ನು ಜೇಬಿನ ಬಾಯಿಯಿಂದ ಇಳಿಸಿ ಪ್ಯಾಕಿನ ಅಡಿಯಿಂದ ಬಳಸಿ ಮತ್ತೆ ಬಾಯಿಯಿಂದಲೇ ಮೇಲೆ ತನ್ನಿ, ಬಾವಿಯ ಕೊಡಕ್ಕೆ ಹಗ್ಗ ಹಾಕಿದ ಹಾಗೆ. ಎರಡು ತುದಿಯನ್ನೂ ಸೇರಿಸಿ ಹೊಲಿದು, ಹಿಂಗತ್ತಿನ ಹತ್ತಿರ ಒಳಬಟ್ಟೆಯ ಅಂಚಿಗೆ ನಾಲ್ಕು ಬೆರಳಿನಷ್ಟು ಉಳಿಯುವಂತೆ ಬಿಡಿ. ಮೇಲಿನ ಅಲಂಕಾರ ಅದನ್ನು ಮುಚ್ಚುತ್ತದೆ. ಆಪತ್ತಿನಲ್ಲಿ ಆ ತುದಿ ಹಿಡಿದು ಮೇಲಕ್ಕೆ ಎಳೆದರೆ ವೆಲ್ಕ್ರೋ ಬಿಟ್ಟುಕೊಂಡು ಪ್ಯಾಕ್ ಕುತ್ತಿಗೆಯ ಹಿಂದಿನಿಂದ ಹೊರಗೆ ಬರಬೇಕು. ಪೂರ್ತಿ ವೇಷದಲ್ಲಿ ಒಮ್ಮೆ ಎಳೆದು ನೋಡಿ. ಬರದಿದ್ದರೆ ಯಾವುದೋ ಹುರಿ ಅಡ್ಡ ಇದೆ, ಅದನ್ನು ಸರಿಸುವವರೆಗೆ ಪ್ಯಾಕ್ ಹಾಕಬೇಡಿ. ವೇಷ ಕಟ್ಟುವ ಚೌಕಿಯಲ್ಲೂ ರಂಗದ ಪಕ್ಕದಲ್ಲೂ ಮೊಂಡು ತುದಿಯ ಬ್ಯಾಂಡೇಜ್ ಕತ್ತರಿ ಒಂದೊಂದು ನೇತುಹಾಕಿ. ಚೂಪಾದ ದರ್ಜಿ ಕತ್ತರಿಯನ್ನು ಗಾಬರಿಯಲ್ಲಿ ಯಾರ ಬೆನ್ನಿಗೂ ತರಬಾರದು.

ಸೊಂಟದ ಪಟ್ಟಿಗೆ 5 ಸೆಂಟಿಮೀಟರ್ ಅಗಲದ ಎಲಾಸ್ಟಿಕ್ ಬೇಕು. ಅದಕ್ಕಿಂತ ಕಿರಿದಾದದ್ದು ಸುರುಳಿಯಾಗಿ ಹಗ್ಗದ ಹಾಗೆ ಒತ್ತುತ್ತದೆ. ಸೊಂಟದ ಅಳತೆಯ ಹತ್ತರಲ್ಲಿ ಒಂಬತ್ತು ಪಾಲು ಉದ್ದ, ತುದಿಗೆ 12 ಸೆಂಟಿಮೀಟರ್ ವೆಲ್ಕ್ರೋ, ಒಳಮೈಗೆ ಹತ್ತಿ ಬಟ್ಟೆ. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ಸಲೀಸಾಗಿ ಹೋಗಬೇಕು. ಕಲಾವಿದ ಉಸಿರು ಪೂರ್ತಿ ಎಳೆದುಕೊಂಡಾಗ ನೋಡಿ, ಸುಮ್ಮನೆ ನಿಂತಾಗ ಅಲ್ಲ. ಅರ್ಥಗಾರಿಕೆಗೆ, ಅಂದರೆ ಪಾತ್ರದ ಮಾತಿಗೆ, ಹೊಟ್ಟೆಯಿಂದ ಉಸಿರು ಬೇಕು.

ಆ್ಯಂಟೆನಾ

ಆ್ಯಂಟೆನಾದ ಉದ್ದ ಫ್ರೀಕ್ವೆನ್ಸಿಗೆ ಹೊಂದಿಸಿದ್ದು. 7500ನ್ನು ಮೆಗಾಹರ್ಟ್ಸ್‌ ಸಂಖ್ಯೆಯಿಂದ ಭಾಗಿಸಿದರೆ ಕಾಲುಅಲೆಯ, ಅಂದರೆ ಆ್ಯಂಟೆನಾದ, ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ: 520ಕ್ಕೆ ಸುಮಾರು 14.4, 600ಕ್ಕೆ 12.5, 2.4 ಗಿಗಾಹರ್ಟ್ಸಿಗೆ 3 ಚಿಲ್ಲರೆ. ಆದ್ದರಿಂದ ಅದನ್ನು ಸುತ್ತಿಡುವುದು, ಮಡಚಿ ಟೇಪು ಹಚ್ಚುವುದು, ಉದ್ದವಾಯಿತೆಂದು ಕತ್ತರಿಸುವುದು ಯಾವುದೂ ನಡೆಯದು. ತುಂಡಾದರೆ ಅದೇ ಫ್ರೀಕ್ವೆನ್ಸಿ ಪಟ್ಟಿಯ ಹೊಸದನ್ನೇ ಹಾಕಿಸಿ.

ಮೈ ಎಂದರೆ ಬಹುಪಾಲು ಉಪ್ಪುನೀರು. ಆ್ಯಂಟೆನಾ ಬೆವತ ಚರ್ಮಕ್ಕೆ ಅಂಟಿದರೆ ಅಲೆಯ ದೊಡ್ಡ ಪಾಲು ಮೈಯೊಳಗೇ ಇಂಗಿಹೋಗುತ್ತದೆ. ಆಗ ಧ್ವನಿ ಕಡಿಯುತ್ತದೆ, ಯಾರೋ ಶಕ್ತಿ ಏರಿಸುತ್ತಾರೆ, ಬಿಸಿ ಹೆಚ್ಚುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಮೂಲ ತಪ್ಪು ಆ ಒಂದು ಸ್ಪರ್ಶ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಿಲಿಕೋನ್ ಕೊಳವೆ ಇದಕ್ಕೆ ಹೇಳಿ ಮಾಡಿಸಿದ್ದು: ಹೊರಗೆ 6, ಒಳಗೆ 4 ಮಿಲಿಮೀಟರ್, ಕ್ರಾಫರ್ಡ್ ಮಾರ್ಕೆಟಿನ ಅಕ್ವೇರಿಯಂ ಅಂಗಡಿಯಲ್ಲಿ ಮೀಟರ್ ಲೆಕ್ಕಕ್ಕೆ ಸಿಗುತ್ತದೆ. ಆ್ಯಂಟೆನಾಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಕತ್ತರಿಸಿ ಒಳಗೆ ತೂರಿಸಿ, ಕೆಳತುದಿಯನ್ನು ಒಂದು ತೊಟ್ಟು ಸಿಲಿಕೋನಿನಿಂದ ಮುಚ್ಚಿ. ಕೊಳವೆಯ ಹಿಂದೆ ಬನಿಯನ್ನಿಗೆ ಒಂದು ಫೋಮ್ ಪಟ್ಟಿ ಹೊಲಿದರೆ ಇನ್ನೂ 5 ಮಿಲಿಮೀಟರ್ ದೂರ ಸಿಗುತ್ತದೆ. ಇಷ್ಟು ಅಂತರವೇ ಕಡಿಯುವ ಧ್ವನಿಗೂ ಕಡಿಯದ ಧ್ವನಿಗೂ ಇರುವ ವ್ಯತ್ಯಾಸ.

ಪ್ಯಾಕನ್ನು ತಲೆಕೆಳಗಾಗಿ ಇಡಿ. ಜೇಬಿನ ತಳದ ತೂತುಗಳು ಇದಕ್ಕೇ: ಒಂದರಿಂದ ಆ್ಯಂಟೆನಾ ನೇರ ಕೆಳಗೆ ಇಳಿಯುತ್ತದೆ, ಇನ್ನೊಂದರಿಂದ ಮೈಕಿನ ತಂತಿ ಹೊರಬಂದು ಪಕ್ಕಕ್ಕೆ ತಿರುಗಿ ಮೇಲೆ ಹೋಗುತ್ತದೆ. ಎರಡೂ ಒಂದಕ್ಕೊಂದು ಜೋಡಿಯಾಗಿ ಸಾಗಬಾರದು. ಎಳೆದಾರದಿಂದ ಪ್ಯಾಕ್ ಎಳೆದಾಗ ತಂತಿಯ ಕನೆಕ್ಟರ್ ತೂತಿಗೆ ಸಿಕ್ಕಿಕೊಳ್ಳದಷ್ಟು ತೂತು ಅಗಲವಿರಲಿ.

ತಂತಿ ಮತ್ತು ಕುತ್ತಿಗೆ

ಕುತ್ತಿಗೆಯ ಸುತ್ತ ತಂತಿ ಎಂದೂ ಪೂರ್ತಿ ಬಳಸಬಾರದು. ಹಾರದ ಹಾಗೆ ಹಾಕಿದರೆ ಅಡಗಿಸಲು ಸುಲಭ, ನಿಜ. ಆದರೆ ಯುದ್ಧದ ಕುಣಿತದಲ್ಲಿ ಎದುರಾಳಿಯ ಬಿಲ್ಲೋ ಕತ್ತಿಯೋ ಅದಕ್ಕೆ ಸಿಕ್ಕಿದರೆ ಅದು ಉರುಳಾಗುತ್ತದೆ. ಬಾಡಿಪ್ಯಾಕಿನ ಹಲವು ಕನೆಕ್ಟರುಗಳಿಗೆ ಚಿಲಕವಿದೆ, ಕೆಲವಕ್ಕೆ ಸ್ಕ್ರೂ ಇದೆ, ಎಳೆದರೆ ಬಿಟ್ಟುಕೊಳ್ಳುವುದಿಲ್ಲ. ತಂತಿ ಕಿವಿಯ ಹಿಂದಿನಿಂದ ಹಿಂಗತ್ತಿಗೆ ಬಂದು ಬೆನ್ನಿನಲ್ಲಿ ನೇರ ಇಳಿಯಲಿ. ಹಿಂಗತ್ತಿನಲ್ಲಿ ತಲೆ ಪೂರ್ತಿ ಬಗ್ಗಿಸಿ, ಎರಡೂ ಕಡೆ ತಿರುಗಿಸಿ ಅಳೆದು, ಅದಕ್ಕಿಂತ 3 ಸೆಂಟಿಮೀಟರ್ ಸಡಿಲ ಬಿಟ್ಟು ಟೇಪು ಹಚ್ಚಿ. ಸಡಿಲ ಬಿಡದಿದ್ದರೆ ಮೊದಲ ಪ್ರವೇಶದಲ್ಲೇ ಮೈಕ್ ಹಣೆಯಿಂದ ಜಾರುತ್ತದೆ.

ಮೈಕಿನ ತಲೆಗೆ ಒಳ್ಳೆಯ ಜಾಗ ಹಣೆಯ ಮೇಲೆ, ಕೇದಿಗೆ ಮುಂದಲೆ ಎಂಬ ತಲೆಯುಡುಗೆಯ ಕೆಳ ಅಂಚಿನಲ್ಲಿ. ಎಲ್ಲ ದಿಕ್ಕಿನ ಧ್ವನಿ ಹಿಡಿಯುವ 3 ಮಿಲಿಮೀಟರಿನ ಕ್ಯಾಪ್ಸೂಲ್ ಅಲ್ಲಿ ಎರಡು ಮೂರು ಮಿಲಿಮೀಟರ್ ಹೊರಗೆ ಇಣುಕಿದರೆ ಸಾಕು, ತಲೆ ಯಾವ ಕಡೆ ತಿರುಗಿದರೂ ಬಾಯಿಗೂ ಮೈಕಿಗೂ ಅಂತರ ಒಂದೇ. ಎದೆಯ ಪದಕದ ಹಿಂದೆ ಇಟ್ಟರೆ ಆಭರಣಗಳ ಸದ್ದೇ ಹೆಚ್ಚು ಕೇಳಿಸುತ್ತದೆ. ತಲೆಗೆ ಮೊದಲು ಕಟ್ಟುವ ಬಟ್ಟೆಯ ಮೇಲ್ಗಡೆ ತಂತಿ ಹಾಯಲಿ, ಕೆಳಗಡೆ ಬೇಡ. ಬಟ್ಟೆಯ ಬಿಗಿತಕ್ಕೆ ತಂತಿ ಹಣೆಗೆ ಒತ್ತಿದರೆ ಅರ್ಧ ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ, ಆಟ ಮುಗಿಯುವ ಹೊತ್ತಿಗೆ ಗೀರು ಬಿದ್ದಿರುತ್ತದೆ.

ಬೆವರು

ಕ್ಯಾಪ್ಸೂಲಿನಿಂದ ಒಂದು ಸೆಂಟಿಮೀಟರ್ ಹಿಂದೆ ತಂತಿಗೆ ಹತ್ತಿ ನೂಲನ್ನು ಐದಾರು ಸುತ್ತು ಸುತ್ತಿ ಮಣಿಯಂತೆ ಗಂಟು ಮಾಡಿ. ತಂತಿಗುಂಟ ಇಳಿಯುವ ಬೆವರು ಆ ಮಣಿಯಲ್ಲಿ ತಡೆದು ಅಲ್ಲೇ ತೊಟ್ಟಿಕ್ಕುತ್ತದೆ, ಮೈಕಿನ ಬಾಯಿಗೆ ಹೋಗುವುದಿಲ್ಲ. ಧ್ವನಿ ಇದ್ದಕ್ಕಿದ್ದಂತೆ ಕಂಬಳಿ ಹೊದ್ದಂತೆ ಮಂಕಾದರೆ ಕ್ಯಾಪ್ಸೂಲಿಗೆ ನೀರು ನುಗ್ಗಿದೆ ಎಂದರ್ಥ. ಬಾಯಿಂದ ಊದಬೇಡಿ, ಹೇರ್‌ಡ್ರೈಯರಿನ ಬಿಸಿ ತೋರಿಸಬೇಡಿ, ಎರಡೂ ಒಳಗಿನ ತೆಳು ಪೊರೆಯನ್ನು ಕೆಡಿಸುತ್ತವೆ. ಮುಚ್ಚಳ ತೆಗೆದು, ಬಾಯಿ ಕೆಳಗೆ ಮಾಡಿ, ಕಾಗದದ ಕರವಸ್ತ್ರದ ಮೂಲೆಯಿಂದ ಹೀರಿಸಿ, ಒಣ ಮುಚ್ಚಳ ಹಾಕಿ. ಒಂದೊಂದು ಮೈಕಿಗೆ ಎರಡು ಹೆಚ್ಚಿನ ಮುಚ್ಚಳ ಕೈಯಲ್ಲಿರಲಿ.

ಪ್ಯಾಕ್ ತಲೆಕೆಳಗಾಗಿದ್ದರೆ ಕನೆಕ್ಟರಿಗೆ ಬೆವರು ಇಳಿಯುವ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು: ಬೆವರು ತಂತಿಯ ತಿರುವಿನಲ್ಲಿ ಉದುರಿಹೋಗುತ್ತದೆ. ಉಳಿದರ್ಧಕ್ಕೆ ಜಗತ್ತಿನ ರಂಗಭೂಮಿಯವರೆಲ್ಲ ಬಳಸುವ ಉಪಾಯವೇ ಇಲ್ಲಿಯೂ: ಎಣ್ಣೆ ಸವರದ ಕಾಂಡೋಮನ್ನು ಪ್ಯಾಕಿಗೆ ತೊಡಿಸಿ, ಬಾಯನ್ನು ಕನೆಕ್ಟರ್ ಮತ್ತು ಆ್ಯಂಟೆನಾ ಬುಡದ ಸುತ್ತ ಟೇಪಿನಿಂದ ಕಟ್ಟಿ. ಮೆಡಿಕಲ್ ಅಂಗಡಿಯಲ್ಲಿ ಸ್ಕ್ಯಾನಿಂಗ್ ಪ್ರೋಬಿನ ಕವರ್ ಎಂದು ಕೇಳಿದರೂ ಆಗುತ್ತದೆ. ಜಾರುವ ದ್ರವ ಇರುವುದನ್ನು ಹಾಕಿದರೆ ಅದೇ ಸ್ವಿಚ್ಚಿನೊಳಗೆ ಇಳಿದು ಕೆಲಸ ಕೆಡಿಸುತ್ತದೆ. ಕಲಾವಿದರಿಗೆ ಲ್ಯಾಟೆಕ್ಸ್ ಅಲರ್ಜಿ ಇದೆಯೇ ಎಂದು ಕೇಳಿ, ಇದ್ದರೆ ಗಟ್ಟಿ ಜಿಪ್ ಚೀಲ. ಈ ರಬ್ಬರ್ ಪೊರೆ ಬಿಸಿಯನ್ನೂ ಹಿಡಿದಿಡುತ್ತದೆ, ಹಾಗಾಗಿ ಮಧ್ಯಂತರದಲ್ಲಿ ಜೇಬಿನ ಮೇಲೆ ಕೈಯಿಟ್ಟು ನೋಡಿ. ಜ್ವರದ ಮೈಗಿಂತ ಬಿಸಿ ಅನಿಸಿದರೆ ಪ್ಯಾಕ್ ಹೊರಗೆ ಬರಲಿ.

ಸೆಲ್ಲುಗಳು

ಆಲ್ಕಲೈನ್ ಸೆಲ್ಲಿನೊಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಸುಡುವ ಕ್ಷಾರ. ಹಳೆಯದೊಂದು ಹೊಸದೊಂದು ಸೇರಿಸಿ ಹಾಕಿದರೆ ಬಡಕಲು ಸೆಲ್ ಪೂರ್ತಿ ಬರಿದಾದ ಮೇಲೂ ಇನ್ನೊಂದು ಅದರ ಮೂಲಕ ವಿದ್ಯುತ್ ನೂಕುತ್ತಲೇ ಇರುತ್ತದೆ, ಆಗ ಅದು ಸೋರುತ್ತದೆ. ಒಂದೇ ಕಂಪನಿಯ, ಒಂದೇ ಪೊಟ್ಟಣದ ಜೋಡಿ ಹಾಕಿ. ಪ್ರತಿ ಆಟಕ್ಕೂ ಹೊಸ ಜೋಡಿ, ಉಳಿದದ್ದನ್ನು ಗೋಡೆ ಗಡಿಯಾರಕ್ಕೆ ಕೊಡಿ. ಬಿಳಿ ಪುಡಿಯೋ ಜಿಡ್ಡೋ ಚರ್ಮಕ್ಕೆ ತಾಗಿದರೆ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಕಣ್ಣಿಗೆ ತಾಗಿದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಮರುಚಾರ್ಜಿನ ನಿಕಲ್ ಸೆಲ್ಲುಗಳು ಖರ್ಚಿಗೂ ಪರಿಸರಕ್ಕೂ ಒಳ್ಳೆಯವು. ಅವುಗಳ ವೋಲ್ಟೇಜ್ 1.2, ಆಲ್ಕಲೈನಿನದು 1.5. ಪ್ಯಾಕಿನ ಮೆನುವಿನಲ್ಲಿ ಸೆಲ್ಲಿನ ಜಾತಿ ಬದಲಿಸದಿದ್ದರೆ ಬ್ಯಾಟರಿ ಗೆರೆಗಳು ಸುಳ್ಳು ಹೇಳುತ್ತವೆ. ಬಿಡಿ ಸೆಲ್ಲುಗಳನ್ನು ಚಿಲ್ಲರೆ ಕಾಸು, ಕೀಲಿಕೈ ಇರುವ ಜೇಬಿಗೆ ಹಾಕಬೇಡಿ. ತುದಿಗೆ ತುದಿ ಲೋಹ ಮುಟ್ಟಿದರೆ ಅವು ಕೈ ಸುಡುವಷ್ಟು ಕಾಯುತ್ತವೆ.

ಲಿಥಿಯಂ ಅಯಾನ್ ಬ್ಯಾಟರಿಯ ಪ್ಯಾಕುಗಳಿಗೆ ಕಟ್ಟುನಿಟ್ಟು ಬೇಕು. ಮೇಜಿನ ಮೇಲಿಟ್ಟು ತಿರುಗಿಸಿದಾಗ ಬುಗುರಿಯಂತೆ ತಿರುಗಿದರೆ ಒಳಗೆ ಉಬ್ಬಿದೆ, ಅಂಥದನ್ನು ಮೈಗೆ ತಾಗಿಸಬೇಡಿ. ಬಿದ್ದು ಜಜ್ಜಿದ್ದನ್ನೂ ಅಷ್ಟೆ. ಚಾರ್ಜು ಸಾಲದೆಂದು ವೇಷದೊಳಗೆ ಪವರ್‌ಬ್ಯಾಂಕ್ ಸೇರಿಸುವುದು ಸರ್ವಥಾ ಕೂಡದು. ಚಾರ್ಜರುಗಳು ಚೌಕಿಯೊಳಗೆ ಇರಬಾರದು: ಅಲ್ಲಿ ಹತ್ತಿ ಇದೆ, ಎಣ್ಣೆ ಇದೆ, ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಇದೆ, ಚೌಕಿಪೂಜೆಯ ದೀಪ ಇದೆ. ಧ್ವನಿ ಮೇಜಿನ ಪಕ್ಕ, ಕಲ್ಲು ನೆಲದ ಮೇಲೆ, ಕಣ್ಣೆದುರು ಚಾರ್ಜ್ ಆಗಲಿ. ಆಟದ ಬಿಸಿ ಆರದ ಪ್ಯಾಕನ್ನು ಹಾಗೇ ಚಾರ್ಜಿಗೆ ಹಾಕಬೇಡಿ, 45 ಡಿಗ್ರಿ ದಾಟಿದ ಲಿಥಿಯಂ ಸೆಲ್ಲಿಗೆ ಚಾರ್ಜು ಹಾನಿ. ಮರಳು ತುಂಬಿದ ಒಂದು ತಗಡಿನ ಡಬ್ಬ ಹತ್ತಿರವಿರಲಿ. ಸಿಹಿಯಾದ ಥಿನ್ನರಿನಂಥ ವಾಸನೆ, ಬುಸ್ಸೆನ್ನುವ ಸದ್ದು, ತಾಳಲಾರದ ಬಿಸಿ, ಇವುಗಳಲ್ಲಿ ಒಂದು ಕಂಡರೂ ಎಳೆದಾರ ಹಿಡಿದು ಎಳೆಯಿರಿ. ಭಾಗವತರು ಪದ ಮುಗಿಸುವವರೆಗೆ ಕಾಯಬೇಡಿ. ವೇಷಧಾರಿಯ ಸಂಕೇತವೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಎಡಗೈಯನ್ನು ಹಿಂಗತ್ತಿಗೆ ತಂದರೆ ನೇಪಥ್ಯಕ್ಕೆ ಬರುತ್ತಿದ್ದೇನೆ, ಕತ್ತರಿ ಹಿಡಿದು ನಿಲ್ಲಿ ಎಂದು.

ವಿಮಾನದಲ್ಲಿ ಮಂಗಳೂರಿಗೆ ಹೋಗುವ ತಂಡಗಳು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ.

ಚರ್ಮ

ಗ್ಯಾಫರ್ ಟೇಪು, ಸೆಲ್ಲೋಟೇಪು, ಇನ್ಸುಲೇಶನ್ ಟೇಪು ಚರ್ಮಕ್ಕೆ ಅಲ್ಲ. ಮೈಕ್ರೋಪೋರ್‌ನಂಥ ವೈದ್ಯಕೀಯ ಕಾಗದದ ಟೇಪು ಹಿಂಗತ್ತಿಗೂ ಕಿವಿಯ ಹಿಂದೆಗೂ ಸಾಕು. ಬೆವರು ಹೆಚ್ಚಿನವರಿಗೆ ಪಾರದರ್ಶಕ ಪ್ಲಾಸ್ಟಿಕ್ ಜಾತಿಯದು ಗಟ್ಟಿ ಹಿಡಿಯುತ್ತದೆ. ಮೊದಲ ಬಾರಿ ಹಚ್ಚುವವರಿಗೆ ಹಿಂದಿನ ದಿನವೇ ಮುಂಗೈ ಒಳಮಗ್ಗುಲಿಗೆ ಒಂದು ತುಂಡು ಹಚ್ಚಿ 24 ಗಂಟೆ ನೋಡಿ. ಕೆಂಪಾದರೆ ಬೇರೆ ಟೇಪು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಜಾಗ ಒರೆಸಿ, ಪೂರ್ತಿ ಆರಲು ಬಿಡಿ, ಬಣ್ಣ ಬಳಿಯುವ ಮೊದಲೇ ಟೇಪು ಹಚ್ಚಿ. ಎಣ್ಣೆಯ ಮೇಲೆ, ಬಣ್ಣದ ಮೇಲೆ ಅದು ನಿಲ್ಲದು. ಬೆವರುಸಾಲೆ, ಗಾಯ, ಆಗತಾನೇ ಕ್ಷೌರ ಮಾಡಿದ ಜಾಗ ಬಿಟ್ಟುಬಿಡಿ. ತೋಳಿಗೋ ತೊಡೆಗೋ ಟೇಪನ್ನು ಬಳೆಯಂತೆ ಪೂರ್ತಿ ಸುತ್ತಬಾರದು, ಕುಣಿಯುವಾಗ ಸ್ನಾಯು ಉಬ್ಬುತ್ತದೆ.

ತೆಗೆಯುವಾಗ ಬಣ್ಣ ತೆಗೆಯುವ ಅದೇ ತೆಂಗಿನೆಣ್ಣೆ. ಅಂಚಿಗೆ ಹಚ್ಚಿ ಎರಡು ನಿಮಿಷ ಬಿಟ್ಟು, ಚರ್ಮವನ್ನು ಒಂದು ಬೆರಳಿಂದ ಒತ್ತಿ ಹಿಡಿದು, ಟೇಪನ್ನು ಹಿಂದಕ್ಕೆ ಮಡಚುತ್ತ ನಿಧಾನ ಸುಲಿಯಿರಿ. ಮೈಕಿಗೆ ಎಣ್ಣೆ ತಾಗದಂತೆ ಮೊದಲು ಅದನ್ನು ಬಿಡಿಸಿ ಪಕ್ಕಕ್ಕಿಡಿ.

ಫ್ರೀಕ್ವೆನ್ಸಿ, ಚುಟುಕಾಗಿ

ಹಳೆಯ ಸೆಟ್ಟಿನ ಮೇಲೆ 703ರಿಂದ 803 ಮೆಗಾಹರ್ಟ್ಸ್ ನಡುವಿನ ಸಂಖ್ಯೆ ಇದ್ದರೆ ಅದನ್ನು ಬದಿಗಿಡಿ. ಅದರ ಬಹುಭಾಗ ಈಗ ಮೊಬೈಲ್ ಸೇವೆಗೆ ಮೀಸಲು, 2022ರ ಹರಾಜಿನಲ್ಲಿ ಜಿಯೋ ಇದೇ 700ರ ಪಟ್ಟಿಯನ್ನು 5ಜಿಗಾಗಿ ಕೊಂಡಿದೆ. 2.4 ಗಿಗಾಹರ್ಟ್ಸಿನ ಪುಟ್ಟ ಮೈಕುಗಳಿಗೆ ಪರವಾನಗಿ ಬೇಡ, ಆದರೆ ಸಭಾಂಗಣ ತುಂಬ ಫೋನುಗಳಿದ್ದಾಗ ಅವು ಒದ್ದಾಡುತ್ತವೆ, ನಡುವೆ ಮೈ ಅಡ್ಡ ಬಂದರೆ ಇನ್ನೂ. ಯುಎಚ್‌ಎಫ್ ಸೆಟ್ (520, 600 ಮೆಗಾಹರ್ಟ್ಸಿನಂಥದು) ಬಾಡಿಗೆಗೆ ತರುವಾಗ, ರೇಡಿಯೊ ಪರವಾನಗಿ ನೋಡಿಕೊಳ್ಳುವ ಕೇಂದ್ರದ ಡಬ್ಲ್ಯುಪಿಸಿ ವಿಭಾಗದ ಒಪ್ಪಿಗೆ ಪತ್ರಗಳನ್ನು ಕೇಳಿ ನೋಡಿ.

ಮೂರು ಪ್ಯಾಕುಗಳನ್ನು ಸಮ ಅಂತರದಲ್ಲಿ ಇಡಬಾರದು. 520.0, 520.4, 520.8 ಎಂದಿಟ್ಟರೆ ಮೊದಲೆರಡು ಸೇರಿ ಹುಟ್ಟಿಸುವ ಮರಿ ಅಲೆ ಸರಿಯಾಗಿ 520.8ರ ಮೇಲೆಯೇ ಬೀಳುತ್ತದೆ: 520.4ರ ಎರಡರಷ್ಟರಲ್ಲಿ 520.0 ಕಳೆದು ನೋಡಿ. ಕೊನೆಯದನ್ನು 521.2 ಮಾಡಿದರೆ ತೊಡಕು ತಪ್ಪುತ್ತದೆ. ಇಬ್ಬರು ವೇಷಧಾರಿಗಳು ಅಪ್ಪಿಕೊಂಡಾಗ ಮಾತ್ರ ಗರಗರ ಸದ್ದು ಬರುತ್ತದೆಂದರೆ ಕಾರಣ ಹೆಚ್ಚಾಗಿ ಇದೇ.

ವೇಷ ಕಟ್ಟಿದ ಮೇಲೆ

ಪರೀಕ್ಷೆಯನ್ನು ಪೂರ್ತಿ ವೇಷದಲ್ಲೇ ಮಾಡಿ, ಬನಿಯನ್ನಿನಲ್ಲಿ ಮಾಡಿದ್ದಕ್ಕೆ ಬೆಲೆಯಿಲ್ಲ. ರಂಗದ ನಾಲ್ಕು ಮೂಲೆಗೂ ನಡೆದು, ಪ್ರತಿ ಮೂಲೆಯಲ್ಲಿ ಒಂದು ಸುತ್ತು ತಿರುಗಿ, ಒಮ್ಮೆ ಮಂಡಿಯೂರಿ, ಒಮ್ಮೆ ಎರಡು ಧೀಂಗಿಣ ಹಾಕಿ ನೋಡಲಿ. ರಿಸೀವರಿನ ಗೆರೆಗಳನ್ನು ಒಬ್ಬರು ಗಮನಿಸಲಿ. ರಿಸೀವರ್ ಸಭಾಂಗಣದ ಹಿಂದೆ ಬೇಡ, ರಂಗದ ಪಕ್ಕದಲ್ಲೇ ಎತ್ತರದ ಸ್ಟ್ಯಾಂಡಿನ ಮೇಲಿರಲಿ. ಹತ್ತಿರವಿದ್ದಷ್ಟೂ ಮೈಮೇಲಿನ ಪ್ಯಾಕಿನ ಶಕ್ತಿ ಕಡಿಮೆ ಇಡಬಹುದು. ಚೆಂಡೆಯ ಪೆಟ್ಟಿಗೂ ಕಲಾವಿದನ ಗಟ್ಟಿ ಕೂಗಿಗೂ ಒಮ್ಮೆ ಗೇಯ್ನ್ (ಮೈಕಿನ ಧ್ವನಿಯನ್ನು ಏರಿಸುವ ಮಟ್ಟ) ನೋಡಿ, 10 ಡೆಸಿಬೆಲ್ ಜಾಗ ಮೇಲೆ ಖಾಲಿ ಉಳಿಯಲಿ.

ಪ್ಯಾಕ್ ಆನ್ ಇದ್ದಷ್ಟು ಹೊತ್ತೂ ಚೌಕಿಯ ಮಾತು ಹೊರಗೆ ಹೋಗಬಹುದು ಎಂದು ಕಲಾವಿದರಿಗೂ ಚೌಕಿಯಲ್ಲಿರುವ ಎಲ್ಲರಿಗೂ ತಿಳಿಸಿ. ಆಫ್ ಮಾಡುವುದು ಧ್ವನಿ ಮೇಜಿನವರ ಹೊಣೆ. ವೇಷ ಬಣ್ಣ ಇಲ್ಲದ ನಾಟಕದವರು ಪ್ಯಾಕ್ ಕಟ್ಟಿಕೊಂಡೇ ಚಹಾಕ್ಕೆಂದು ಹೊರಗೆ ಹೋಗಬಾರದು. ಸ್ಟೇಷನ್ನಿನಲ್ಲೋ ಮೆಟ್ರೋ ತಪಾಸಣೆಯಲ್ಲೋ ಅಂಗಿಯೊಳಗಿನಿಂದ ತಂತಿ ಇಣುಕಿದರೆ ಈ ನಗರದ ಪೊಲೀಸರು ನಿಲ್ಲಿಸುತ್ತಾರೆ, ನಿಲ್ಲಿಸಬೇಕಾದದ್ದೂ ನ್ಯಾಯವೇ. ಸಭಾಂಗಣದ ಬಾಗಿಲೇ ಗಡಿ ಎಂದಿಟ್ಟುಕೊಳ್ಳಿ.

ಆಟ ಮುಗಿದ ಮೇಲೆ

ಕಿರೀಟ ಇಳಿಸುವ ಮೊದಲು ಮೈಕ್ ಬಿಡಿಸಿ, ಇಲ್ಲದಿದ್ದರೆ ಕಿರೀಟದ ಜೊತೆ ತಂತಿಯೂ ಹರಿಯುತ್ತದೆ. ಪ್ಯಾಕ್ ಹೊರತೆಗೆದ ಕೂಡಲೇ ಸೆಲ್ ತೆಗೆಯಿರಿ. ರಬ್ಬರ್ ಪೊರೆ ಎಸೆಯಿರಿ, ಎರಡನೇ ಬಾರಿ ಬಳಸಬೇಡಿ. ಪ್ಯಾಕನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದೇ ಒಂದು ಗಂಟೆ ಫ್ಯಾನಿನ ಕೆಳಗಿಡಿ. ಬನಿಯನ್ ಮತ್ತು ಪಟ್ಟಿ ಒಬ್ಬರದು ಒಬ್ಬರಿಗೇ, ಹೆಸರು ಬರೆದು, ಆ ರಾತ್ರಿಯೇ ತೊಳೆಯಲು ಕೊಡಿ. ಬೇರೆಯವರ ಬೆವರಿನ ಪಟ್ಟಿ ಕಟ್ಟಿದರೆ ಹುಳುಕಡ್ಡಿ ಹಬ್ಬುತ್ತದೆ.

ಕಲಾವಿದನ ಬೆನ್ನನ್ನು ಬೆಳಕಿನಲ್ಲಿ ಒಮ್ಮೆ ನೋಡಿ. ಒತ್ತಿದ ಗುರುತು ಅರ್ಧ ಗಂಟೆಯಲ್ಲಿ ಮಾಯವಾಗಬೇಕು. ಆಗದಿದ್ದರೆ ಆ ಜಾಗ, ಆ ಪ್ಯಾಕ್, ಆ ಮೆತ್ತೆಯ ದಪ್ಪ ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಆಟಕ್ಕೆ ಎರಡು ಬೆರಳು ಸರಿಸಿ ಕಟ್ಟಿ. ಒಣಗಿದ ಪ್ಯಾಕುಗಳನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಪ್ರತಿ ಪ್ಯಾಕಿಗೆ ಒಂದು ಪೊಟ್ಟಣ ಸಿಲಿಕಾ ಜೆಲ್ ಜೊತೆಗಿಡಿ. ನೀಲಿ ಹರಳು ಗುಲಾಬಿಯಾದಾಗ ಪೊಟ್ಟಣ ಬದಲಿಸಿ. ಮುಂಬಯಿಯ ಜುಲೈಯಲ್ಲಿ ವಾರಕ್ಕೊಮ್ಮೆ ತೆರೆದು ನೋಡಬೇಕಾಗುತ್ತದೆ.